ಗೌರೀಶನ ಕಣ್ಣೀರು

ತಂಗಿ ಶಿವಲೀಲಾ, ಕೇಳು!

ಇಂದು ಜಮಖಂಡಿಯಲ್ಲಿ ನಮ್ಮ ನಾಟಕದ ತಾಲೀಮು ನಡೆದಿತ್ತು. ನಾನು ಖಡ್ಗ ಎತ್ತಿ ಗರ್ಜಿಸುವ ಹೊತ್ತಿಗೇ ಪೊಲೀಸ್ ಹವಾಲ್ದಾರ ದುರಗೇಶ ಬಂದ. ನಿನ್ನ ಕತ್ತು ಹಿಸುಕಿ ಕೊಂದ ಗಂಡ, ಆ ಗೌರೀಶನನ್ನು ಸನ್ನಡತೆಯ ಮೇಲೆ ಬಿಡುಗಡೆ ಮಾಡುವರಂತೆ! ಅದಕ್ಕೆ ಅಣ್ಣನಾದ ನನ್ನ ಅಭಿಪ್ರಾಯ ಬೇಕಂತೆ!

“ಭಾಳ ಸುಧಾರಿಸ್ಯಾನ್ರೀ ಮಾಸ್ತರ. ಜೈಲಿನ್ಯಾಗ ನಿಮ್ಮಂಗ ನಾಟಕಾ ಮಾಡ್ತಾನ. ಅಂವ ಅತ್ತರ ನೋಡೋರೂ ಅಳ್ತಾರ್ರೀ.”

“ಜಲ್ಮೆಲ್ಲಾ ಸ್ಟೇಜ್ ಮ್ಯಾಲ ಅತ್ತೇನಿ, ದುರಗೇಶ! ಅಳೂದು ಎಷ್ಟು ಸಸಾರ ಅಂತ ನನಗ ಗೊತ್ತೈತಿ!”

ನಮ್ಮ ಮನೆಯಿಂದ ನಿನ್ನನ್ನು ವಾಪಸು ಕರೆದೊಯ್ಯಲು ಬಂದ ದಿನವೂ ಅವನು ನನ್ನ ಕಾಲು ಹಿಡಿದು ಹಾಗೇ ಅತ್ತಿದ್ದನಲ್ಲವೇ?

ದುರಗೇಶ ಬಿಡಲಿಲ್ಲ. “ಶಿಕ್ಷಾ ಕೊಡೂದು ಮನಷ್ಯಾ ಸುಧಾರಿಸಲಿ ಅಂತಲ್ಲೇನ್ರೀ?”

“ಸುಧಾರಿಸಲಿ ಅಂತ ಯಾರು ಕಳಿಸಿದ್ರಲೇ? ನಾ ಕಳಿಸಿದ್ದು ಕೊಳೀಲಿ ಅಂತ!”

“ಹದಿನೈದು ವರ್ಷ ಆತ್ರೀ. ಇನ್ನ ಎಷ್ಟು ದಿನ ಕೊಳೀಬೇಕು?”

ತಾಲೀಮಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಗ ಮಾತ್ರ ನನ್ನ ದನಿ ಏರಲಿಲ್ಲ, ತಂಗಿ.

“ನಮ್ಮ ಶಿವಲೀಲಾ ತಿರುಗಿ ತವರಿಗೆ ಬರೂತನಕಾ,” ಎಂದೆ. “ಹಂಗ ಬರಕೋ.”

ನಿನ್ನ ಅಣ್ಣ,
ಗಿರಿಮಲ್ಲಪ್ಪ