ಇಲ್ಲದ ಗೋಡೆಗೆ ಕೊಟ್ಟ ಪಾಸ್

ಆಗಸ್ಟ್ 22, 1986. ಶುಕ್ರವಾರ, ಬೆಳಿಗ್ಗೆ 7

ಮಂಡಿಗೆ ಐಸ್ ಕಟ್ಟಿ ಕೂತಿದ್ದೇನೆ. ಇಪ್ಪತ್ತು ನಿಮಿಷ ಅಲ್ಲಾಡೋ ಹಾಗಿಲ್ಲ, ಅದಕ್ಕೇ ಬರೆಯೋದು. ಭಾನುವಾರ ಸೆಮಿಫೈನಲ್. ಅಲ್ಲಿಗೆ ಹುಲ್ಲಿನ ಮೇಲಿನ ಫುಟ್‌ಬಾಲ್ ಹೆಚ್ಚೂಕಡಿಮೆ ಮುಗೀತು. ಆಮೇಲೆ ಚಳಿಗಾಲದ ಒಳಾಂಗಣ ಆಟ — ಐಸ್ ಹಾಕಿಯವರ ಮಂಜುಗಡ್ಡೆ ಮೇಲೆ ಕಾರ್ಪೆಟ್ ಹಾಸಿ, ಸುತ್ತ ಮರದ ಗೋಡೆ ಕಟ್ಟಿ, ಒಳಗೆ ಆರಾರು ಜನ; ಗೋಡೆಗೆ ಬಡಿದು ವಾಪಸ್ ಬಂದ ಚೆಂಡೂ ಆಟದಲ್ಲೇ. ಬಿದ್ದರೆ ಮೊಣಕೈ ಸುಲಿದು ಹೋಗತ್ತೆ. ಆದರೂ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿ, ಹನ್ನೊಂದು ವರ್ಷ ಎರಡೂ ಕಡೆ ಸಂಬಳಕ್ಕೆ ಆಡೋದು ಅಂದ್ರೆ... ಪುಣ್ಯವೇ ಸರಿ.

ಹನ್ನೆರಡನೇ ವರ್ಷ ಸಿಗತ್ತಾ, ಅದೇ ಪ್ರಶ್ನೆ. ಒಳಾಂಗಣ ತಂಡದಲ್ಲಿ ಡಿಫೆಂಡರ್ ಜಾಗ ಒಂದೇ ಖಾಲಿ. ಕಾಯ್ತಿರೋರು ಇಬ್ಬರು, ನಾನು ಮತ್ತು ರೀನೊ. ಒಂದೇ ಚರ್ಚ್‌ನ ಹುಡುಗರು, ಎಂಟನೇ ವಯಸ್ಸಿಂದ ಅಕ್ಕಪಕ್ಕ ನಿಂತು ಆಡಿದವರು. ಈಗ ಇಬ್ಬರಿಗೂ ಮೂವತ್ತನಾಲ್ಕು. ಜಾಗ ತಪ್ಪಿದವನಿಗೆ ಬೇರೆ ಊರಲ್ಲಿ ಯಾರೂ ಕೆಲಸ ಕೊಡಲ್ಲ. ನಾನಾದರೆ ಹೆಂಡತಿ ಪೆಗ್ಗಿಯ ಅಣ್ಣನ ಜೊತೆ ಏಣಿ ಹತ್ತಿ ಹೆಂಚು ಜೋಡಿಸೋದೇ.

ಆಗಸ್ಟ್ 24. ಭಾನುವಾರ

ಸೋತೆವು. ನನ್ನಿಂದ. ಬರೆಯೋಕೂ ನಾಚಿಕೆ.

1-1. ಎಪ್ಪತ್ತೆಂಟನೇ ನಿಮಿಷ. ಬಲಗಡೆ ಗೆರೆ ಪಕ್ಕ ಚೆಂಡು ನನ್ನ ಹತ್ತಿರ, ಎದುರಿಗೆ ಅವರ ಹನ್ನೊಂದನೇ ನಂಬರ್. ಚಳಿಗಾಲದಲ್ಲಿ ಏನು ಮಾಡ್ತೀನೋ ಅದನ್ನೇ ಮಾಡಿದೆ. ಗೋಡೆಗೆ ತಟ್ಟಿ, ಅವನನ್ನು ದಾಟಿ ಓಡಿದೆ, ವಾಪಸ್ ಬರೋ ಚೆಂಡು ತಗೊಳ್ಳೋಣ ಅಂತ. ಗೋಡೆ ಎಲ್ಲಿದೆ? ಚೆಂಡು ಸೀದಾ ಹೋಗಿ ಯಾರೋ ಅಜ್ಜಿಯ ತಿಂಡಿ ಡಬ್ಬಿಗೆ ಬಡೀತು. ನಾನು ಹತ್ತು ಹೆಜ್ಜೆ ಆಚೆ ನಿಂತು ಚೆಂಡಿಗೆ ಕಾಯ್ತಿದ್ದೆ. ಅವರು ಬೇಗ ಥ್ರೋ ತಗೊಂಡ್ರು, ನನ್ನ ಜಾಗ ಖಾಲಿ, ಗೋಲು.

ಯಾರೂ ಬೈಯಲಿಲ್ಲ, ಅದೇ ಹೆಚ್ಚು. ರೀನೊ ಮಾತ್ರ ಬಸ್ಸಲ್ಲಿ ನನ್ನ ಮುಖ ನೋಡಿದಾಗೆಲ್ಲ ನಕ್ಕ. ಗೋಡೆನ ಮನೇಲೇ ಮರೆತು ಬಂದ್ಯಾ ಅಂತ ಕೇಳಿದ.

ಸೆಪ್ಟೆಂಬರ್ 14. ಭಾನುವಾರ

ಚರ್ಚ್ ಪಿಕ್ನಿಕ್. ಪೋರ್ಕ್ ಸ್ಟೇಕ್ ಚೆನ್ನಾಗಿತ್ತು. ಮಿಕ್ಕಿದ್ದು ಬೇಡ.

ಬಿಯರ್ ಅಂಗಡಿ ಮುಂದೆ ರೀನೊ ಜನ ಸೇರಿಸಿಕೊಂಡು ನನ್ನ ಕಥೆ ಅಭಿನಯಿಸಿ ತೋರಿಸ್ತಿದ್ದ. ನಾನು ತಟ್ಟಿದ್ದು, ಓಡಿದ್ದು, ಕಾಯ್ತಾ ನಿಂತಿದ್ದು, ಕೊನೆಗೆ ಅಜ್ಜಿ ಡಬ್ಬಿ ನೋಡಿಕೊಂಡಿದ್ದು. ಚೆನ್ನಾಗಿಯೇ ಮಾಡ್ತಾನೆ, ಹಾಳಾದೋನು. ನನಗೂ ನಗು ಬಂತು. ಅಷ್ಟರಲ್ಲಿ ನೋಡ್ತೀನಿ, ಸಾಲಿನಲ್ಲಿ ತಟ್ಟೆ ಹಿಡಿದು ಕೋಚ್ ಬಾರ್ಟಾ ನಿಂತಿದ್ದಾರೆ. ಒಳಾಂಗಣ ತಂಡಕ್ಕೆ ಹೆಸರು ಬರೆಯೋ ಮನುಷ್ಯ. ಪೂರ್ತಿ ಕೇಳಿಸಿಕೊಂಡ್ರು. ನಗಲಿಲ್ಲ.

ಮೈಯೆಲ್ಲ ಉರಿದುಹೋಯ್ತು. ಒಂದೇ ಜಾಗಕ್ಕೆ ಇಬ್ಬರು ಕಾಯ್ತಿರುವಾಗ ಕೋಚ್ ಮುಂದೇನೇ ನನ್ನ ಮಾನ ಹರಾಜು ಹಾಕಬೇಕಿತ್ತಾ? ಕೋಚ್ ಅಲ್ಲಿರೋದು ಅವನಿಗೆ ಗೊತ್ತಿರಲಿಲ್ಲ ಅಂತಾಳೆ ಪೆಗ್ಗಿ. ಇರಬಹುದು. ಅವನ ಜೊತೆ ಮಾತಾಡದೆ ಮನೆಗೆ ಬಂದೆ.

ಅಕ್ಟೋಬರ್ 20. ಸೋಮವಾರ

ಜಾಗ ನನಗೆ!!

ವಾರವಿಡೀ ಟ್ರಯಲ್ ಆಗಿತ್ತು. ನನಗಿಂತ ರೀನೊನೇ ಜೋರಾಗಿ ಓಡಿದ್ದ, ಸುಳ್ಳು ಹೇಳಬಾರದು. ಬೆಳಿಗ್ಗೆ ಕೋಚ್ ಕರೆಸಿ ಕೂರಿಸಿದ್ರು. ಹಂಗೇರಿಯವರು, ಸುತ್ತಿಬಳಸಿ ಮಾತಾಡಲ್ಲ.

“ಪಿಕ್ನಿಕ್‌ನಲ್ಲಿ ಆ ಕಥೆ ಕೇಳಿದೆನಲ್ಲ, ಅವತ್ತೇ ತೀರ್ಮಾನ ಮಾಡಿದ್ದು. ರೀನೊ ಗೋಡೆ ನೋಡಿ, ಯೋಚನೆ ಮಾಡಿ, ಆಮೇಲೆ ಹೊಡೀತಾನೆ. ನಿನ್ನ ಕಾಲು ಬಯಲಲ್ಲೂ ಗೋಡೆ ಹುಡುಕ್ಕೊಂಡು ಹೋಗತ್ತೆ. ನನಗೆ ಆ ಕಾಲು ಬೇಕು.”

ಈ ಮಾತು ರೀನೊಗೂ ಹೇಳಿದ್ರಾ ಅಂತ ಕೇಳಿದೆ. ಅವನು ಕಾರಣ ಕೇಳಿದ, ಇದನ್ನೇ ಹೇಳಿದೆ ಅಂದ್ರು.

ಕಾರಲ್ಲಿ ಕೂತು ಅತ್ತೆ. ದೇವರೇ, ಇನ್ನೊಂದು ವರ್ಷ. ಪೆಗ್ಗಿ ಫೋನಲ್ಲೇ ಕೂಗಿಕೊಂಡಳು. ಲಾಕರಿನ ಮೇಲಿದ್ದ ರೀನೊ ಹೆಸರಿನ ಪಟ್ಟಿ ಆಗಲೇ ಕಿತ್ತಿದ್ರು. ತನ್ನ ಬಾಯಿಂದಲೇ ತನ್ನ ಕೆಲಸ ಕಳ್ಕೊಂಡ. ಅದು ಅವನಿಗೂ ಗೊತ್ತು.

ನವೆಂಬರ್ 7. ಶುಕ್ರವಾರ

ರೀನೊ ಫೋನ್ ಎತ್ತಲ್ಲ. ನಾಲ್ಕು ಸಲ ಮಾಡಿದೆ. ಮಾವನ ಬೇಕರಿಯಲ್ಲಿ ಬ್ರೆಡ್ ವ್ಯಾನ್ ಓಡಿಸ್ತಿದ್ದಾನಂತೆ.

ಇಲ್ಲಿ ನನ್ನ ಗತಿಯೂ ಅಷ್ಟಕ್ಕಷ್ಟೇ. ಈ ವಾರ ಪ್ರಾಕ್ಟೀಸಲ್ಲಿ ಆರು ಸಲ ನನ್ನ ಎಡಗಡೆಯಿಂದಲೇ ನುಗ್ಗಿ ಗೋಲು ಹೊಡೆದ್ರು. ಹಿಂದೆ ಯಾವತ್ತೂ ಹೀಗಾಗಿದ್ದಿಲ್ಲ. ವಯಸ್ಸಾಯ್ತಾ? ಮೊದಲ ಮ್ಯಾಚ್ ನೋಡಿ ಪಟ್ಟಿ ಮತ್ತೆ ಬರೀತೀನಿ ಅಂದಿದ್ದಾರೆ ಕೋಚ್. ನನ್ನ ಕಡೆ ನೋಡ್ಕೊಂಡೇ ಅಂದ್ರು.

ನವೆಂಬರ್ 15. ಶನಿವಾರ, ಮಧ್ಯಾಹ್ನ

ರಾತ್ರಿಯೆಲ್ಲ ನಿದ್ದೆ ಇಲ್ಲ, ಸಂತೋಷಕ್ಕೆ.

ನಿನ್ನೆ ಮೊದಲ ಮ್ಯಾಚ್. ಮೊದಲರ್ಧದಲ್ಲಿ ಎರಡು ಗೋಲು ನನ್ನ ಎಡಗಡೆಯಿಂದಲೇ ಹೋಯ್ತು. ಪಟ್ಟಿಯಿಂದ ಹೆಸರು ಹೋಯ್ತು ಅಂತಲೇ ಅಂದುಕೊಂಡೆ.

ವಿರಾಮ ಆದಮೇಲೆ ನಮ್ಮ ಗೋಲಿನ ಪಕ್ಕ, ಮರದ ಗೋಡೆ ಮೇಲಿರೋ ಗಾಜನ್ನು ಯಾರೋ ದಬದಬ ಬಡಿಯೋಕೆ ಶುರು ಮಾಡಿದ್ರು. “ಎಡಕ್ಕೆ ಕಣೋ, ಎಡಕ್ಕೆ!” ತಲೆ ತಿರುಗಿಸೋ ಮೊದಲೇ ಕಾಲು ಎಡಕ್ಕೆ ಹೋಗಿತ್ತು. ಚೆಂಡು ಸಿಕ್ತು. ಮತ್ತೊಂದು ಸಲ ಬಡಿತ, ಮತ್ತೆ ಸಿಕ್ತು. ಕೊನೆಗೆ ನಾವು 5-4. ಅವರು ಗೋಲ್‌ಕೀಪರನ್ನೂ ಹೊರಗೆ ಕಳಿಸಿ ಆರೂ ಜನ ಮುಂದೆ ನುಗ್ಗಿದ್ರು. ಮತ್ತೆ ಅದೇ ದನಿ. ಎಡಕ್ಕೆ ಬಿದ್ದೆ, ಚೆಂಡು ಎದೆಗೆ ಬಡೀತು, ಆಟ ಮುಗಿಯೋ ಸೈರನ್ ಆಯ್ತು.

ಗಾಜಿನ ಆಚೆ ರೀನೊ. ಬೇಕರಿ ಕೋಟಲ್ಲೇ ಬಂದಿದ್ದ, ಕೂಗಿ ಕೂಗಿ ದನಿ ಬಿದ್ದುಹೋಗಿತ್ತು.

ಹೊರಗೆ ಬಂದು ಹಿಡಿದೆ. ಅದು ನಿನ್ನ ಜಾಗ ಕಣೋ ಅಂದೆ.

“ನನ್ನ ಜಾಗ ಇದೇ, ಗಾಜಿನ ಪಕ್ಕ. ಇಡೀ ಸೀಸನ್‌ಗೆ ಟಿಕೆಟ್ ತಗೊಂಡಿದ್ದೀನಿ. ಇಪ್ಪತ್ತಾರು ವರ್ಷದಿಂದ ನಿನ್ನ ಎಡಗಡೆ ಕಾಯ್ತಾ ಬಂದಿದ್ದೀನಿ, ವರ್ನ್. ನಿನಗೆ ಆ ಕಡೆ ಕಣ್ಣೇ ಇಲ್ಲ, ಗೊತ್ತಾ?”

ಗೊತ್ತಿರಲಿಲ್ಲ. ಆಟ ಓದೋದು ನಾನೇ ಅಂದುಕೊಂಡಿದ್ದೆ ಇಷ್ಟು ವರ್ಷ. ಅವನು ಕೂಗ್ತಿದ್ದ, ನಾನು ತಿರುಗ್ತಿದ್ದೆ. ಕೋಚ್ ಮೆಚ್ಚಿದ ಕಾಲಿಗೆ ದಾರಿ ತೋರಿಸ್ತಿದ್ದೋನು ಅವನು.

ಅಲ್ಲೇ ಹೇಳಬೇಕಿತ್ತು. ಬರೀ ಬೆನ್ನು ತಟ್ಟಿ ಕಳಿಸಿದೆ. ನಾನೊಬ್ಬ ಮಂಕು.

ಹೊರಗೆ ಬ್ರೆಡ್ ವ್ಯಾನಿನ ಹಾರ್ನ್. ಪೆಗ್ಗಿ ಬಾಗಿಲು ತೆಗೀತಿದ್ದಾಳೆ. ಈ ಸಲ ಹೇಳೇ ಬಿಡ್ತೀನಿ — ರೀನೊ, ಹನ್ನೊಂದು ವರ್ಷ ಅಲ್ಲ, ಮೊದಲ ದಿನದಿಂದಲೂ ನೀನು ಪಕ್ಕದಲ್ಲಿ ಇಲ್ದೇ ಹೋಗಿದ್ರೆ ನಾನು...