ಕಬ್ಬಕ್ಕಿಗೆ ಚೆಲ್ಲಿದ ಕಾಳು

ಯಲಬುರ್ಗಾ

ತಮ್ಮ ಪಕ್ಕೀರಪ್ಪನಿಗೆ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜೋಳದ ತೆನೆ ಉಳಿಸಲೆಂದು ನೀನು ಬದುವಿನ ಮೇಲೆ ಚೆಲ್ಲಿ ಹೋದ ವಿಷದ ಕಾಳು ಕೆಲಸ ಮಾಡಿತು. ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆಲ್ಲ ಕಬ್ಬಕ್ಕಿಗಳು ಬಿದ್ದಿದ್ದವು. ಕೆಲವು ಇನ್ನೂ ಬಾಯಿ ತೆರೆಯುತ್ತಿದ್ದವು. ಬುಟ್ಟಿಯಲ್ಲಿ ತುಂಬಿ ನಾನೇ ಹೂಳಿದೆ. ಪಕ್ಕದ ಹೊಲದವರು, "ಕಳ್ಳ ಹಕ್ಕಿ ಸತ್ತ್ವು, ಛಲೋ ಆತು ಬಿಡ" ಎಂದರು.

ಕಣ್ಣು ಕಾಣದ ಅವ್ವ ಮಾತ್ರ ಸಂಜೆಯಾದರೆ ಅವುಗಳ ಗದ್ದಲ ಕೇಳಲು ಮನೆ ಮುಂದಿನ ಕಟ್ಟೆಗೆ ಬಂದು ಕೂಡುತ್ತಾಳೆ. ಅವಳ ಪಾಲಿಗೆ ಅವು ಚಳಿಗಾಲದ ಬೀಗರು.

"ಯಾಕ ಗಾಳೆಮ್ಮಾ, ಬೀಗರು ಬರವಲ್ರು?" ಎಂದು ನಿನ್ನೆ ಕೇಳಿದಳು.

"ಕುಷ್ಟಗಿ ಕಡಿ ಹೋಗ್ಯಾವ ಯವ್ವಾ" ಎಂದೆ.

"ಎಳ್ಳಮಾಸಿಗೆ ಪಕ್ಕೀರ ಬರ್ತಾನಲ್ಲ, ಅವನ ಕೈಲೆ ಒಂದು ಬೊಗಸಿ ಕಾಳು ಚೆಲ್ಲಸು. ಅವನ ಕೈಗುಣ ಭಾಳ ಛಲೋ ಐತಿ, ತಿರುಗಿ ಬರ್ತಾವ."

ನಾನು ಹೂಂ ಎಂದಿದ್ದೇನೆ. ಹಬ್ಬಕ್ಕೆ ತಪ್ಪದೆ ಬಾ. ಅವ್ವನ ಕೈ ಹಿಡಿದು ಹೊಲಕ್ಕೆ ಕರೆದೊಯ್ಯುವ ಕೆಲಸ ಈ ಸಲ ನಿನ್ನದು. ನಾನು ಜೊತೆಗೆ ಬರುವುದಿಲ್ಲ.

ನಿನ್ನ ಅಕ್ಕ,
ಗಾಳೆಮ್ಮ