ಬಲಗಡೆ ಗೋಡೆಯಿರುವ ಮೇಜು

ಗೋಪಾಳ, ಶಿವಮೊಗ್ಗ
ಭಾನುವಾರ, ೮ ಜೂನ್ ೨೦೨೫

ಇಂಪನಾಳ ಅಪ್ಪನಿಗೆ ಧನಲಕ್ಷ್ಮಿಯ ನಮಸ್ಕಾರ.

ಫೋನ್ ಮಾಡಿದರೆ ನೀವು ಎರಡು ಸಲ "ಹ್ಞೂಂ" ಅಂದು, ಆಮೇಲೆ "ಗೇಟಿಗೆ ಲಾರಿ ಬಂತು" ಅಂತ ಇಟ್ಟುಬಿಡುತ್ತೀರಿ. ನಾನು ಫೋನ್ ಮಾಡುವ ಹೊತ್ತು ನೀವು ಗೇಟು ಕಾಯುವ ಮಾಚೇನಹಳ್ಳಿ ಫ್ಯಾಕ್ಟರಿಯ ಲಾರಿಗಳಿಗೆಲ್ಲ ಹೇಗೆ ಗೊತ್ತಾಗುತ್ತದೋ ನಾ ಕಾಣೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀವು ಇದನ್ನು ಅರ್ಧಕ್ಕೆ ಮಡಚಿಟ್ಟರೂ ನಿಮ್ಮ ಅಕ್ಕ ಬಿಡುವವರಲ್ಲ, ಪೂರ್ತಿ ಓದಿ ನಿಮಗೆ ಹೇಳುತ್ತಾರೆ. ದುರ್ಗಮ್ಮ ಅತ್ತಿಗೆಗೂ ನನ್ನ ನಮಸ್ಕಾರ ತಿಳಿಸಿ.

ವಿಷಯ ನಿಮಗೆ ಗೊತ್ತೇ ಇದೆ. ಬೆಂಗಳೂರಿನಲ್ಲಿ ಇಂಪನಾ ಕೆಲಸ ಮಾಡುವ ಲ್ಯಾಬಿನಲ್ಲೇ ಇರುವ ಶ್ರೇಯಸ್ ಅವಳನ್ನು ಕೇಳಿದ್ದಾನೆ. ಅವಳೂ ಒಪ್ಪಿದ್ದಾಳೆ. ಹುಡುಗನ ಮನೆಯವರು ಬರುವ ಇಪ್ಪತ್ತೆರಡನೇ ತಾರೀಕು, ಭಾನುವಾರ, ನಮ್ಮನ್ನು ನೋಡಬೇಕಂತೆ. ನೀವು ಮಗಳಿಗೆ ಹೇಳಿದಿರಂತೆ, "ಸತೀಶ್ ಮಾವನ್ನ ಕರ್ಕೊಂಡು ಹೋಗ್ರಮ್ಮ, ನಂಗೆ ಡ್ಯೂಟಿ ಇದೆ" ಅಂತ. ಅವಳು ಅಳಲಿಲ್ಲ, ನಿಮ್ಮ ಮಗಳಲ್ಲವೇ. "ಅಮ್ಮಾ, ಅಪ್ಪ ಬಂದು ಎಲ್ರ ಜೊತೆ ಕೂತು ತಿಂದ್ರೆ ಮಾತುಕತೆ. ಇಲ್ಲಾಂದ್ರೆ ಈ ಮದ್ವೇನೇ ಬೇಡ ಅಂತ ಶ್ರೇಯಸ್‌ಗೆ ಹೇಳ್ಬಿಡ್ತೀನಿ" ಅಂದು ಫೋನಿಟ್ಟಳು. ಬೆದರಿಕೆ ಅಂದುಕೊಳ್ಳಬೇಡಿ, ಅವಳು ಹೇಳಿದ್ದನ್ನು ಮಾಡುವವಳು. ನಮ್ಮಲ್ಲಿ ಹೆಣ್ಣಿನ ಅಪ್ಪ ಬೀಗರ ಜೊತೆ ಕೂತು ಉಣ್ಣದೆ ಯಾವ ಸಂಬಂಧ ಕುದುರಿದೆ ಹೇಳಿ. ಸತೀಶ ನನ್ನ ತಮ್ಮನೇ ಇರಬಹುದು, ಆದರೆ ನಿಮ್ಮ ಜಾಗದಲ್ಲಿ ಅವನು ಕೂತರೆ ಆಗುತ್ತದೆಯೇ?

ನೀವು ಯಾಕೆ ಬರುವುದಿಲ್ಲವೆಂದು ನನಗೆ ಗೊತ್ತು. ಡ್ಯೂಟಿಯ ನೆಪವನ್ನು ಬೇರೆಯವರಿಗೆ ಹೇಳಿ.

ವರ್ಕ್‌ಶಾಪಿನ ಪ್ರೆಸ್ ಮಿಷನ್ನಿಗೆ ಸಿಕ್ಕಿ ನಿಮ್ಮ ಬಲಗೈಯ ಬೆರಳುಗಳು ಹೋದ ಮೇಲೆ ನೀವು ಜನರೆದುರು ಅನ್ನ ಮುಟ್ಟುವುದನ್ನೇ ಬಿಟ್ಟಿರಿ. ಎಡಗೈಯಲ್ಲಿ ಉಣ್ಣುವುದನ್ನು ನಾಲ್ಕು ಜನ ನೋಡಬಾರದು ಅಂತ. ಸತೀಶನ ಗೃಹಪ್ರವೇಶದ ದಿನ ಎಲೆಯ ಮುಂದೆ ಎಡಗೈ ಚಾಚಿದವರು ಹಾಗೇ ಹಿಂದಕ್ಕೆಳೆದುಕೊಂಡಿರಿ. ಬಡಿಸುವವನು ಸಾರಿನ ಬಕೆಟ್ ಹಿಡಿದು ನಿಂತೇ ಇದ್ದ, ಆಚೀಚಿನವರು ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅನ್ನ ಕಲಸಿ ತುತ್ತು ಮಾಡಿ ನಿಮ್ಮ ಬಾಯಿಯ ಹತ್ತಿರ ಹಿಡಿದೆ. ನೀವು ಪಂಕ್ತಿಯ ಮಧ್ಯದಿಂದಲೇ ಎದ್ದು ಹೋದಿರಿ, ಹಿರಿಯರೆಲ್ಲ ಅರ್ಧ ಊಟದಲ್ಲಿ ಕೈ ತಡೆದು ಕೂತರು. ಅದೇ ವಾರ ಬಟ್ಟೆ ಕಟ್ಟಿಕೊಂಡು ಭದ್ರಾವತಿಗೆ, ಅಕ್ಕನ ಮನೆಗೆ ಹೊರಟಿರಿ.

ನಾನು ಮಾಡಿದ್ದು ತಪ್ಪು ಅಂತ ಇವತ್ತಿಗೂ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಇದೇ ಕೈಯ ತುತ್ತು ಉಂಡವರು ನೀವು. ಅಲ್ಲಿ ಬೇಕಾದದ್ದು ನಾಲ್ಕು ಜನರ ಎದುರಿಗೆ ಬೇಡವಾಯಿತು. ನನಗೂ ಸಿಟ್ಟು ಬಂತು, ಈಗಲೂ ಇದೆ. ಆದರೆ ಬರೀ ಸಿಟ್ಟನ್ನು ಎದುರಿಗೆ ಕೂರಿಸಿಕೊಂಡು ಉಂಡೂ ಉಂಡೂ ಬೇಜಾರಾಗಿದೆ ರೀ. ಅತ್ತಿಗೆ ಹೇಳುತ್ತಿದ್ದರು, "ಈಗ್ಲೂ ಅಡುಗೆಮನೆ ಬಾಗ್ಲು ಹಾಕ್ಕೊಂಡು ಉಣ್ತಾನೆ ಕಣೆ, ನನ್ ಮುಂದೂ ಉಣ್ಣಲ್ಲ ಮಾರಾಯ್ತಿ" ಅಂತ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಇರಲಿ, ಈಗ ಭಾನುವಾರದ ಮಾತಿಗೆ ಬರುತ್ತೇನೆ. ಹುಡುಗನ ಅಮ್ಮ ಫೋನಿನಲ್ಲಿ, ಮನೆಗಿಂತ ಹೊರಗೆಲ್ಲಾದರೂ ಹನ್ನೊಂದು ಗಂಟೆಗೆ ಬ್ರಂಚ್‌ಗೆ ಸೇರೋಣ ಅಂದರು. ಬ್ರಂಚ್ ಎಂದರೆ ತಿಂಡಿಯೂ ಅಲ್ಲ, ಊಟವೂ ಅಲ್ಲ. ನೀವು ಸೆಕೆಂಡ್ ಶಿಫ್ಟಿಗೆ ಹೋಗುವಾಗ ಹತ್ತೂವರೆಗೆ ಬೆಳಗಿನ ಉಪ್ಪಿಟ್ಟನ್ನೂ ಮಧ್ಯಾಹ್ನದ ಅನ್ನ ಸಾರನ್ನೂ ಒಟ್ಟಿಗೆ ಉಂಡು ಹೊರಡುತ್ತಿದ್ದಿರಲ್ಲ, ಅದೇ. ಬೆಂಗಳೂರಿನವರು ಅದಕ್ಕೊಂದು ಹೆಸರಿಟ್ಟಿದ್ದಾರೆ, ಅಷ್ಟೇ.

ಅವರು ಮೊದಲು ಹೇಳಿದ್ದು ಮಲ್ಲೇಶ್ವರದ ಒಂದು ಕಡೆ. ಭಾನುವಾರ ಬಾಳೆಎಲೆಯ ಮೇಲೆ ಹಬ್ಬದೂಟ ಹಾಕುತ್ತಾರಂತೆ. ಇಂಪನಾ ಕುಣಿದಾಡಿಬಿಟ್ಟಳು, ನಾನು ಬೇಡವೆಂದೆ. ಎಲೆಯ ಮುಂದೆ ಸಾಲಾಗಿ ಕೂರಿಸಿ, ಸಾರು ಹಾಕಿ, ಎಲ್ಲರೂ ನಿಮ್ಮ ಕೈ ನೋಡುವ ಹಾಗೆ ಮಾಡಲು ನಾನು ನಿಮ್ಮನ್ನು ಕರೆಯುತ್ತಿಲ್ಲ. ಆಮೇಲೆ ಬಫೆ ಅಂದರು. ಅದೂ ಆಗದು, ಒಂದು ಕೈಯಲ್ಲಿ ತಟ್ಟೆ ಹಿಡಿದರೆ ಬಡಿಸಿಕೊಳ್ಳುವುದು ಯಾವ ಕೈಯಲ್ಲಿ? ಯಾರೋ ಬಂದು "ಕೊಡಿ ಅಂಕಲ್, ನಾನು ಹಾಕ್ತೀನಿ" ಅನ್ನುತ್ತಾರೆ. ಅಲ್ಲಿಗೆ ನಿಮ್ಮ ಊಟ ಮುಗಿದಂತೆಯೇ. ನಿಂತು ತಿನ್ನುವ ದರ್ಶಿನಿಯಲ್ಲಿ ಬೀಗರನ್ನು ಮಾತಾಡಿಸುವುದಕ್ಕಾಗುವುದಿಲ್ಲ. ಹೋಟೆಲ್ ಆರಿಸುವುದರಲ್ಲಿ ಇಷ್ಟೆಲ್ಲ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಹುಡುಗನ ಅಮ್ಮ ನನ್ನನ್ನು ಬಹಳ ಜಂಬದವಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ.

ಕೊನೆಗೆ ಹೋದ ಭಾನುವಾರ ನಾನೇ ಬೆಳಗಿನ ರೈಲು ಹತ್ತಿ ಹೋಗಿ ಬಂದೆ. ಮಗಳಿಗೂ ಹೇಳಲಿಲ್ಲ. ಬಸವನಗುಡಿಯಲ್ಲಿ ಒಂದು ಹಳೆಯ ಮನೆಯನ್ನು ಹೋಟೆಲ್ ಮಾಡಿದ್ದಾರೆ. ಗಲಾಟೆಯಿಲ್ಲ, ಕೂತಲ್ಲಿಗೇ ತಂದು ಕೊಡುತ್ತಾರೆ. ಎಲ್ಲರ ಮುಂದೂ ಚಮಚ ಇಟ್ಟಿರುತ್ತಾರೆ, ಒಬ್ಬರಿಗೆಂದು ಬೇರೆ ತರಿಸಬೇಕಾಗಿಲ್ಲ. ನನ್ನ ಎದುರಿನ ಮೇಜಿನಲ್ಲಿ ಒಬ್ಬ ಹುಡುಗ ಬಲಗೈಯಲ್ಲಿ ಫೋನು ಹಿಡಿದು ಎಡಗೈಯಲ್ಲಿ ದೋಸೆ ಮುರಿದು ತಿನ್ನುತ್ತಿದ್ದ. ಅವನ ಅಜ್ಜಿ ಪಕ್ಕದಲ್ಲೇ ಕೂತಿದ್ದರೂ ಬಯ್ಯಲಿಲ್ಲ. ಎರಡು ಕೈ ನೆಟ್ಟಗಿರುವವನು ಸೋಮಾರಿತನಕ್ಕೆ ಮಾಡುವುದನ್ನು, ಕೈ ಕಳೆದುಕೊಂಡು ಮನೆಯವರ ಹೊಟ್ಟೆ ಹೊರೆದವರು ಬಾಗಿಲು ಹಾಕಿಕೊಂಡು ಮಾಡಬೇಕೇ? ಅಲ್ಲೇ ಕೂತು ಕಣ್ಣೊರೆಸಿಕೊಂಡೆ. ಕಾಫಿ ತಂದವನು ಸಕ್ಕರೆ ಕಡಿಮೆಯಾಯಿತೇ ಅಂತ ಕೇಳಿದ.

ಕಿಟಕಿಯ ಹತ್ತಿರ ಒಂದು ಮೇಜಿದೆ, ಅದರ ಬಲಗಡೆಗೆ ಗೋಡೆ. ನೀವು ಗೋಡೆಯ ಪಕ್ಕ ಕೂತರೆ ಬಲಗೈ ಯಾರಿಗೂ ಕಾಣುವುದಿಲ್ಲ. ಎಡಕ್ಕೆ ನಾನು ಕೂರುತ್ತೇನೆ, ಎದುರಿಗೆ ಇಂಪನಾ. ಅದೇ ಮೇಜು ನಮಗೆ ಬೇಕೆಂದು ಹೇಳಿ ಬಂದಿದ್ದೇನೆ. ನಿಮ್ಮ ಕೈಯ ವಿಷಯ ಹುಡುಗನ ಮನೆಯವರಿಗೆ ಇಂಪನಾ ಮೊದಲೇ ಹೇಳಿದ್ದಾಳೆ. ಅವರು "ಅದಕ್ಕೇನಂತೆ" ಅಂದರಂತೆ. ಒಳ್ಳೆಯ ಜನ, ಸ್ವಲ್ಪ ಮಾತು ಜಾಸ್ತಿ.

ಒಂದು ಮಾತು ಕೊಡುತ್ತೇನೆ. ಆ ದಿನ ನಿಮ್ಮ ತಟ್ಟೆಗೆ ನಾನು ಕೈ ಹಾಕುವುದಿಲ್ಲ. ಚಟ್ನಿ ಸರಿಸುವುದಿಲ್ಲ, ಪೂರಿ ಹರಿದುಕೊಡುವುದಿಲ್ಲ. ಅಂಗಿಯ ಮೇಲೆ ಬಿದ್ದರೆ ಒರೆಸುವುದೂ ಇಲ್ಲ. ಅಷ್ಟು ಹೊತ್ತು ಸುಮ್ಮನಿರುವುದು ನನಗೆಷ್ಟು ಕಷ್ಟ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅವತ್ತು ಬೆಳಗಿನ ಜನಶತಾಬ್ದಿ ರೈಲಿಗೆ ಇಬ್ಬರಿಗೂ ಸೀಟು ಮಾಡಿಸಿದ್ದೇನೆ. ನಾನು ಶಿವಮೊಗ್ಗದಲ್ಲಿ ಹತ್ತಿಕೊಂಡು ಬರುತ್ತೇನೆ, ನೀವು ಭದ್ರಾವತಿಯಲ್ಲಿ ಹತ್ತಿ. ಬಾಗಿಲಲ್ಲೇ ನಿಂತಿರುತ್ತೇನೆ. ಬರದಿದ್ದರೆ ನಿಮ್ಮ ಸೀಟು ಖಾಲಿಯೇ ಬೆಂಗಳೂರು ಮುಟ್ಟಲಿ, ಸತೀಶನನ್ನಂತೂ ಅದರಲ್ಲಿ ಕೂರಿಸುವುದಿಲ್ಲ. ಆ ನೀಲಿ ಚೌಕಳಿ ಅಂಗಿ ಹಾಕಿಕೊಳ್ಳಿ. ಗುಂಡಿ ಹಾಕಲು ಕಷ್ಟವಾದರೆ ಅತ್ತಿಗೆಯನ್ನು ಕೇಳಿ. ಅಕ್ಕನೆದುರು ನಾಚಿಕೆ ಏನು?

ಮಗಳ ಮುಖ ನೋಡಿ ಬನ್ನಿ. ನನ್ನ ಮುಖವನ್ನೂ ಒಂದು ಸಲ ನೋಡಿದ ಹಾಗಾಗುತ್ತದೆ.

ಇಂತಿ ನಿಮ್ಮ,
ಧನಲಕ್ಷ್ಮಿ

ತಾಜಾ ಕಲಂ: ಇದನ್ನು ಬರೆಯಲೋ ಬೇಡವೋ ಅಂತ ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ಯುಗಾದಿಯಿಂದೀಚೆಗೆ ನಾನು ಎಡಗೈಯಲ್ಲೇ ಉಣ್ಣುತ್ತಿದ್ದೇನೆ. ಆಗಿನ್ನೂ ಈ ಸಂಬಂಧದ ಸುದ್ದಿಯೇ ಇರಲಿಲ್ಲ. ಆ ಬಾಗಿಲ ಹಿಂದೆ ನೀವು ಒಬ್ಬರೇ ಹೇಗೆ ಉಣ್ಣುತ್ತೀರೋ ನೋಡೋಣ ಅಂತ ಒಂದು ದಿನ ಶುರು ಮಾಡಿದೆ, ಆಮೇಲೆ ಬಿಡಲಾಗಲಿಲ್ಲ. ದುರ್ಗಿಗುಡಿಯ ನಮ್ಮ ಸ್ಕೂಲಿನಲ್ಲಿ ವಾಣಿ ಟೀಚರ್ "ಬಲಗೈಗೆ ಏನಾಯ್ತ್ರೀ?" ಅಂದರು, ಉಳುಕಿದೆ ಅಂದೆ. ಮೊದಮೊದಲು ಬಾಯಿಗಿಂತ ಸೆರಗಿಗೇ ಜಾಸ್ತಿ ಬೀಳುತ್ತಿತ್ತು. ಈಗ ಮೊಸರನ್ನ, ಚಪಾತಿ, ದೋಸೆ ಎಲ್ಲ ಸರಾಗ. ಮುದ್ದೆ ಮುರಿಯುವುದು ಮಾತ್ರ ಇನ್ನೂ ಬಂದಿಲ್ಲ. ಅದನ್ನು ನೀವೇ ಹೇಳಿಕೊಡಬೇಕು.